ಒಂದು ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ ಕಟ್ಟುವುದು ಹೇಗೆ: ಕೊಳ್ಳೇಗಾಲವನ್ನು ಮುಂದಿಟ್ಟುಕೊಂಡು

ಕ್ಷೇತ್ರದ ಇತಿಹಾಸ ಬರೆಯಿರಿ ಎಂದರೆ ಬಹಳಷ್ಟು ಜನ ಮೂರು ಕಾಲಂ ಎಳೆಯುತ್ತಾರೆ: ವರ್ಷ, ಗೆದ್ದವರು, ಪಕ್ಷ. 1952ರಿಂದ 2023ರವರೆಗೆ 16 ಸಾರ್ವತ್ರಿಕ ಚುನಾವಣೆಗಳಾಗಿವೆ. 16 ಸಾಲು ತುಂಬಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ತಪ್ಪಿಲ್ಲದಿರಬಹುದು, ಆದರೆ ಅದನ್ನು ನಂಬಿ ಏನನ್ನೂ ಹೇಳಲಾಗದು. ಏಕೆಂದರೆ ಹೆಸರು ಹಾಗೇ ಉಳಿದು, ಹೆಸರಿನ ಕೆಳಗಿನ ಊರುಗಳೇ ಬದಲಾಗಿರುತ್ತವೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲವನ್ನೇ ನೋಡಿ. 2004ರಲ್ಲಿ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಅಂತರ 1 ಮತ. 2008ರ ಹೊತ್ತಿಗೆ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇರಲಿಲ್ಲ. ಧ್ರುವನಾರಾಯಣ ಆ ವರ್ಷ ಕೊಳ್ಳೇಗಾಲದಿಂದ ಗೆದ್ದರು. ಕೃಷ್ಣಮೂರ್ತಿ 2023ರಲ್ಲಿ ಅದೇ ಕೊಳ್ಳೇಗಾಲದಿಂದ, ಈಗ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಹೆಸರು ನೋಡಿ ಪಟ್ಟಿ ಮಾಡಿದವರಿಗೆ ಇಬ್ಬರೂ ಹೊರಗಿನಿಂದ ಬಂದವರಂತೆ ಕಾಣುತ್ತಾರೆ. ನಿಜಕ್ಕೂ ಬಂದದ್ದು ಅವರಲ್ಲ, ಊರುಗಳು: ಸಂತೇಮರಹಳ್ಳಿ, ಯಳಂದೂರು ಭಾಗದ ಮತದಾರರು ಹೊಸ ಕೊಳ್ಳೇಗಾಲದ ಒಳಗೆ ಸೇರಿದ್ದರು.

ಆದ್ದರಿಂದ ಮೊದಲು ನೆಲ, ಆಮೇಲೆ ಅಂಕಿ. ಈ ಕ್ರಮ ತಪ್ಪಿಸಬೇಡಿ.

ಮೊದಲ ಕೆಲಸ: ನೆಲ ಗುರುತಿಸುವುದು

ಕರ್ನಾಟಕದ ಯಾವ ಕ್ಷೇತ್ರವನ್ನೇ ತೆಗೆದುಕೊಂಡರೂ ಅದರ ಕಾಲವನ್ನು ಐದು ತುಂಡು ಮಾಡಿಕೊಳ್ಳಿ: 1952, 1957 ಮತ್ತು 1962, 1967 ಮತ್ತು 1972, 1978ರಿಂದ 2004, 2008ರಿಂದ ಇಲ್ಲಿಯವರೆಗೆ. ರಾಜ್ಯದ ಒಟ್ಟು ಸ್ಥಾನಗಳು ಮೊದಲ ಚುನಾವಣೆಯಲ್ಲಿ 99, ಏಕೀಕರಣದ ನಂತರ 208, 1967ರಲ್ಲಿ 216, 1978ರಿಂದ 224. ಒಂದು ತುಂಡಿನ ಒಳಗಿನ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ತುಂಡು ದಾಟಿ ಹೋಲಿಸುವಾಗ ಗಡಿ ಎಷ್ಟು ಬದಲಾಯಿತು ಎಂಬುದನ್ನು ಬರೆದೇ ಮುಂದೆ ಹೋಗಬೇಕು. 1957 ಮತ್ತು 1962ರ ನಡುವೆ ಮಾತ್ರ ಒಂದು ಒಳಬಿರುಕಿದೆ, ಅದನ್ನು ಮುಂದೆ ಹೇಳಿದ್ದೇವೆ.

ಗಡಿ ಎಲ್ಲಿ ಸಿಗುತ್ತದೆ? ಕ್ಷೇತ್ರ ಮರುವಿಂಗಡಣೆಯ ಆದೇಶದಲ್ಲಿ. 2008ರ ಆದೇಶ 2001ರ ಜನಗಣತಿಯನ್ನು ಆಧರಿಸಿದೆ, ಅದಕ್ಕೂ ಹಿಂದಿನದು 1971ರ ಜನಗಣತಿಯನ್ನು. ಆದೇಶದ ಅನುಬಂಧದಲ್ಲಿ ಪ್ರತಿ ಕ್ಷೇತ್ರದ ಮುಂದೆ ತಾಲ್ಲೂಕು, ಕಂದಾಯ ವೃತ್ತ, ಪುರಸಭೆ ಹೀಗೆ ಬರೆದಿರುತ್ತದೆ. ಅದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡು, ಹೋಬಳಿವಾರು ಹಳ್ಳಿಪಟ್ಟಿ ಜೋಡಿಸಿ. ಈಗಿನ ತಾಲ್ಲೂಕು ನಕ್ಷೆ ನೋಡಿ ಊಹಿಸಬೇಡಿ. ಆದೇಶ ಹೊರಟ ದಿನ ತಾಲ್ಲೂಕು ಹೇಗಿತ್ತೋ ಅದೇ ಲೆಕ್ಕ. ಆಮೇಲೆ ಹೊಸ ತಾಲ್ಲೂಕು ಆದರೂ ಕ್ಷೇತ್ರದ ಗಡಿ ಕದಲುವುದಿಲ್ಲ. ಹನೂರು ಪ್ರತ್ಯೇಕ ತಾಲ್ಲೂಕಾಗಿದ್ದು ಇತ್ತೀಚೆಗೆ, ಆದರೆ ಹನೂರು ವಿಧಾನಸಭಾ ಕ್ಷೇತ್ರ ಅದಕ್ಕಿಂತ ಎಷ್ಟೋ ಹಳೆಯದು.

1952ರ ಸಾಲು ಬರೆಯುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಆಗ ಈ ಊರು ಯಾವ ರಾಜ್ಯದಲ್ಲಿತ್ತು? ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡದವರು ಮುಂಬೈ ವಿಧಾನಸಭೆಗೆ ಮತ ಹಾಕಿದ್ದರು. ಬೀದರ್, ಗುಲ್ಬರ್ಗ, ರಾಯಚೂರಿನವರು ಹೈದರಾಬಾದಿಗೆ. ದಕ್ಷಿಣ ಕನ್ನಡ ಮದ್ರಾಸಿಗೆ, ಬಳ್ಳಾರಿಯೂ ಆ ಚುನಾವಣೆಯಲ್ಲಿ ಮದ್ರಾಸಿಗೇ. ಕೊಡಗಿಗೆ ತನ್ನದೇ 24 ಸ್ಥಾನಗಳ ವಿಧಾನಸಭೆ ಇತ್ತು. ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರ ನವೆಂಬರ್ 1ರಂದು ಮೈಸೂರಿಗೆ ಬಂತು. ಆದರೆ ಯಳಂದೂರು ಮೊದಲಿಂದಲೂ ಮೈಸೂರಿನದೇ. ಹಾಗಾಗಿ ಇಂದಿನ ಕೊಳ್ಳೇಗಾಲ ಕ್ಷೇತ್ರದ 1952ರ ಸಾಲು ಬರೆಯಬೇಕೆಂದರೆ ಎರಡು ರಾಜ್ಯಗಳ ವರದಿ ತೆರೆಯಬೇಕು. ಮೈಸೂರಿನ ವರದಿಯಲ್ಲಿ ಕೊಳ್ಳೇಗಾಲ ಕಾಣಲಿಲ್ಲವೆಂದು ‘1952: ಮಾಹಿತಿ ಲಭ್ಯವಿಲ್ಲ’ ಎಂದು ಬರೆದುಬಿಡುವುದು ತೀರ ಸಾಮಾನ್ಯ ತಪ್ಪು. ಮಾಹಿತಿ ಇದೆ, ಇನ್ನೊಂದು ಕಡತದಲ್ಲಿದೆ.

ಕ್ಷೇತ್ರದ ಸಂಖ್ಯೆಯನ್ನೂ ನೆಚ್ಚಬೇಡಿ. 2008ರಿಂದ ಹನೂರು 221, ಕೊಳ್ಳೇಗಾಲ 222, ಚಾಮರಾಜನಗರ 223, ಗುಂಡ್ಲುಪೇಟೆ 224. ಅದಕ್ಕೂ ಮೊದಲು ಇವೇ ಸಂಖ್ಯೆಗಳು ರಾಜ್ಯದ ಬೇರೆ ಮೂಲೆಯ ಕ್ಷೇತ್ರಗಳಿಗಿದ್ದವು. ಮೀಸಲಾತಿಯೂ ತುಂಡಿನಿಂದ ತುಂಡಿಗೆ ಬದಲಾಗುತ್ತದೆ: 1978ರಿಂದ 2004ರವರೆಗೆ ಪರಿಶಿಷ್ಟ ಜಾತಿಗೆ 33, ಪರಿಶಿಷ್ಟ ಪಂಗಡಕ್ಕೆ 2 ಕ್ಷೇತ್ರಗಳಿದ್ದವು, 2008ರಿಂದ 36 ಮತ್ತು 15. ಒಂದು ಕ್ಷೇತ್ರದ ಹಳೆಯ ನಾಯಕರು ಒಮ್ಮೆಗೇ ಕಣದಿಂದ ಮಾಯವಾದರೆ ರಾಜಕೀಯ ಕಾರಣ ಹುಡುಕುವ ಮೊದಲು ಮೀಸಲಾತಿ ಕಾಲಂ ನೋಡಿ.

ಊರಿನ ಹೆಸರು ಬದಲಾದರೂ ಕ್ಷೇತ್ರದ ಅಧಿಕೃತ ಹೆಸರು ಹಾಗೇ ಉಳಿದಿರಬಹುದು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು, ಆದರೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಗುಲ್ಬರ್ಗ ದಕ್ಷಿಣ, ಗುಲ್ಬರ್ಗ ಉತ್ತರ ಎಂದೇ ಇದೆ. ಹುಡುಕುವಾಗ ಎರಡೂ ಹೆಸರು ಹಾಕಿ.

ಎರಡನೆಯದು: ದಾಖಲೆ

ಮೂಲ ಆಧಾರ ಭಾರತ ಚುನಾವಣಾ ಆಯೋಗದ ಅಂಕಿ-ಅಂಶ ವರದಿ. ಮೊದಲ ಚುನಾವಣೆಯಿಂದ ಹಿಡಿದು ಪ್ರತಿ ಸಾರ್ವತ್ರಿಕ ಚುನಾವಣೆಗೂ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಮತದಾರರ ಸಂಖ್ಯೆ, ಚಲಾವಣೆಯಾದ ಮತ, ತಿರಸ್ಕೃತ ಮತ, ಪ್ರತಿ ಅಭ್ಯರ್ಥಿಯ ಪಕ್ಷ ಮತ್ತು ಮತ ಎಲ್ಲವೂ ಅದರಲ್ಲಿರುತ್ತವೆ. ಪತ್ರಿಕೆಯ ಮಾರನೇ ದಿನದ ಫಲಿತಾಂಶವನ್ನು ಆಧಾರ ಮಾಡಿಕೊಳ್ಳಬೇಡಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆಯ ನಂತರ ಬಿಜೆಪಿ 16 ಮತಗಳಿಂದ ಗೆದ್ದಿತು. ಸಂಜೆಯ ಸುದ್ದಿಯನ್ನೇ ಬರೆದುಕೊಂಡವರ ಪಟ್ಟಿಯಲ್ಲಿ ಗೆದ್ದವರೇ ಬೇರೆ.

ಮತಗಟ್ಟೆ ಮಟ್ಟಕ್ಕೆ ಇಳಿಯಬೇಕೆಂದರೆ ನಮೂನೆ 20 ಬೇಕು. ಇದು ಅಂತಿಮ ಫಲಿತಾಂಶ ಪಟ್ಟಿ: ಎಡಗಡೆ ಮತಗಟ್ಟೆ ಸಂಖ್ಯೆ, ಮುಂದೆ ಪ್ರತಿ ಅಭ್ಯರ್ಥಿಗೆ ಬಿದ್ದ ಮತ, ಬಲತುದಿಯಲ್ಲಿ ಒಟ್ಟು, ಟೆಂಡರ್ಡ್ ಮತ (ತನ್ನ ಹೆಸರಲ್ಲಿ ಬೇರೆಯವರು ಆಗಲೇ ಮತ ಹಾಕಿಹೋದಾಗ ನಿಜವಾದ ಮತದಾರ ಹಾಕುವ ಮತ). ಕೊನೆಯ ಪುಟದ ಅಡಿಯಲ್ಲಿ ಮೂರು ಸಾಲು ಇರುತ್ತವೆ: ಯಂತ್ರದ ಮತಗಳ ಒಟ್ಟು, ಅಂಚೆ ಮತ, ಎರಡೂ ಸೇರಿದ ಮೊತ್ತ. ಆ ಅಂಚೆ ಮತದ ಸಾಲು ಬಿಟ್ಟುಹೋಗಿ ಲೆಕ್ಕ ಕೂಡದಿರುವುದು ಬಹಳ ಕಂಡಿದ್ದೇವೆ. ನಿಮ್ಮ ಮೊತ್ತಕ್ಕೂ ಆಯೋಗದ ಮೊತ್ತಕ್ಕೂ ಕೆಲವು ನೂರರಿಂದ ಒಂದೆರಡು ಸಾವಿರದ ವ್ಯತ್ಯಾಸ ಬಂದರೆ ಮೊದಲು ಅಲ್ಲಿ ನೋಡಿ.

ಈಚಿನ ಚುನಾವಣೆಗಳ ನಮೂನೆ 20 ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಸಿಗದಿದ್ದರೆ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ಕೊಳ್ಳೇಗಾಲ ಕ್ಷೇತ್ರದ ಎಲ್ಲ ಚುನಾವಣಾ ದಾಖಲೆ ಕೊಡಿ’ ಎಂದು ಬರೆದರೆ ವಾಪಸ್ ಬರುವುದೇ ಹೆಚ್ಚು. ‘2004ರ ವಿಧಾನಸಭಾ ಚುನಾವಣೆ, ಸಂತೇಮರಹಳ್ಳಿ ಕ್ಷೇತ್ರ, ನಮೂನೆ 20 ಮತ್ತು ಮತಗಟ್ಟೆಗಳ ಪಟ್ಟಿಯ ದೃಢೀಕೃತ ನಕಲು’ ಎಂದು ಬರೆಯಿರಿ. ಮತಗಟ್ಟೆಗಳ ಪಟ್ಟಿಯನ್ನು ಮರೆಯದೆ ಕೇಳಿ. ನಮೂನೆ 20ರಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಊರಿನ ಹೆಸರು ಇರುವುದಿಲ್ಲ. ಪಟ್ಟಿ ಇಲ್ಲದೆ ಅದು ಬೀಗವಿದ್ದು ಕೀಲಿಯಿಲ್ಲದ ಹಾಗೆ. ಮೊಹರು ಮಾಡಿಟ್ಟ ಮತಪತ್ರಗಳನ್ನು ಕೇಳಬೇಡಿ, ನ್ಯಾಯಾಲಯದ ಆದೇಶವಿಲ್ಲದೆ ಅವನ್ನು ತೆರೆಯುವುದಿಲ್ಲ.

ಮತಗಟ್ಟೆವಾರು ಲೆಕ್ಕ ಹೆಚ್ಚುಕಡಿಮೆ 2004ರಿಂದ ಈಚೆಗೆ, ಎಲ್ಲೆಡೆ ಮತಯಂತ್ರ ಬಂದ ಮೇಲಿನದು ಎಂದಿಟ್ಟುಕೊಳ್ಳಿ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಪತ್ರಗಳನ್ನು ಬೆರೆಸಿ ಎಣಿಸುವ ಪದ್ಧತಿ ಇದ್ದುದರಿಂದ ಯಾವ ಹಳ್ಳಿ ಯಾರಿಗೆ ಹಾಕಿತು ಎಂಬುದು ದಾಖಲೆಯಲ್ಲೇ ಇಲ್ಲ. 1980ರ ದಶಕದ ಬಗ್ಗೆ ‘ಆ ಹೋಬಳಿ ಅವರ ಕೈಹಿಡಿಯಿತು’ ಎಂದು ಯಾರಾದರೂ ಹೇಳಿದರೆ ಅದು ಊರ ಮಾತು. ಊರ ಮಾತಿಗೂ ಬೆಲೆಯಿದೆ, ಆದರೆ ಅದರ ಜಾಗ ಟಿಪ್ಪಣಿಯಲ್ಲಿ, ಕೋಷ್ಟಕದಲ್ಲಲ್ಲ.

ಮೂರನೆಯದು: ಕೋಷ್ಟಕ

ಒಂದು ಚುನಾವಣೆಗೆ ಒಂದು ಸಾಲು ಬೇಡ. ಒಬ್ಬ ಅಭ್ಯರ್ಥಿಗೆ ಒಂದು ಸಾಲು ಹಾಕಿ, ಠೇವಣಿ ಕಳೆದುಕೊಂಡವರಿಗೂ. ಕಾಲಂಗಳು ಹೀಗಿರಲಿ: ವರ್ಷ, ಚುನಾವಣೆಯ ಬಗೆ (ಸಾರ್ವತ್ರಿಕ ಅಥವಾ ಉಪ), ಕ್ಷೇತ್ರದ ಹೆಸರು ಮತ್ತು ಸಂಖ್ಯೆ, ಗಡಿಯ ತುಂಡು, ಮೀಸಲಾತಿ, ಅಭ್ಯರ್ಥಿಯ ಹೆಸರು ದಾಖಲೆಯಲ್ಲಿ ಇದ್ದಂತೆ, ಹೆಸರು ನೀವು ಸರಿಪಡಿಸಿದಂತೆ, ಆ ದಿನದ ಪಕ್ಷ, ಮತ, ಸ್ಥಾನ, ಯಾವ ಕಡತದ ಯಾವ ಪುಟ. ಮತದಾರರ ಒಟ್ಟು ಸಂಖ್ಯೆ, ಚಲಾವಣೆಯಾದ ಮತ, ತಿರಸ್ಕೃತ, ನೋಟಾ ಇವು ಬೇರೆ ಹಾಳೆಯಲ್ಲಿ, ಚುನಾವಣೆಗೊಂದು ಸಾಲಿನಂತೆ.

ಸೋತವರ ಸಾಲು ಏಕೆ ಬೇಕು ಎನ್ನುವುದಕ್ಕೆ ಕೊಳ್ಳೇಗಾಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2018ರಲ್ಲಿ ಎನ್. ಮಹೇಶ್ ಇಲ್ಲಿ ಬಿಎಸ್‌ಪಿಯಿಂದ ಗೆದ್ದರು, ರಾಜ್ಯದಲ್ಲಿ ಆ ವರ್ಷ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. ಗೆದ್ದವರ ಪಟ್ಟಿಯಲ್ಲಿ ಇದು ಇದ್ದಕ್ಕಿದ್ದಂತೆ ಬಂದ ಗೆಲುವು. ಎಲ್ಲ ಅಭ್ಯರ್ಥಿಗಳ ಕೋಷ್ಟಕ ಇದ್ದರೆ ಅವರು ಅದೇ ಕ್ಷೇತ್ರದಲ್ಲಿ ಮೊದಲೂ ನಿಂತು ಸೋತದ್ದು, ಆ ಮತ ಚುನಾವಣೆಯಿಂದ ಚುನಾವಣೆಗೆ ಹೇಗೆ ಸಾಗಿತು ಎಂಬುದು ಕಾಣುತ್ತದೆ.

ಪಕ್ಷದ ಕಾಲಂನಲ್ಲಿ ‘ಆ ದಿನದ’ ಎಂಬ ಮಾತು ಮುಖ್ಯ. ಮಹೇಶ್ ಅವರನ್ನು 2019ರಲ್ಲಿ ಬಿಎಸ್‌ಪಿ ಉಚ್ಚಾಟಿಸಿತು, 2021ರಲ್ಲಿ ಅವರು ಬಿಜೆಪಿ ಸೇರಿದರು, 2023ರಲ್ಲಿ ಬಿಜೆಪಿಯಿಂದ ನಿಂತು ಸೋತರು. 2018ರ ಸಾಲನ್ನು ಹಿಂದಕ್ಕೆ ಹೋಗಿ ತಿದ್ದಬಾರದು. ಶಿಕಾರಿಪುರದಲ್ಲಿ ಬಿ.ಎಸ್. ಯಡಿಯೂರಪ್ಪನವರ 2013ರ ಗೆಲುವು ಕೆಜೆಪಿಯದು (ಕರ್ನಾಟಕ ಜನತಾ ಪಕ್ಷ). ಅದನ್ನು ಬಿಜೆಪಿ ಎಂದು ಬರೆದಿರುವ ಪಟ್ಟಿಗಳು ಎಷ್ಟೋ ಇವೆ.

ಹಳೆಯ ಪಕ್ಷಗಳ ಸಂಕೇತಾಕ್ಷರ ಇನ್ನೂ ದೊಡ್ಡ ಬಲೆ. 1972ರ ವರದಿಯಲ್ಲಿ ಎನ್‌ಸಿಒ ಎಂದರೆ ಸಂಸ್ಥಾ ಕಾಂಗ್ರೆಸ್. 1978ರ ವರದಿಯಲ್ಲಿ ಐಎನ್‌ಸಿ(ಐ) ಎಂದರೆ ಇಂದಿರಾ ಕಾಂಗ್ರೆಸ್. ದೇವರಾಜ ಅರಸರ ನಾಯಕತ್ವದಲ್ಲಿ 149 ಸ್ಥಾನ ಗೆದ್ದದ್ದು ಅದು. ಅದೇ ವರದಿಯಲ್ಲಿ ಬರಿ ಐಎನ್‌ಸಿ ಎಂದಿರುವುದು ಇನ್ನೊಂದು ಬಣ, ರಾಜ್ಯದಲ್ಲಿ ಅದು ಗೆದ್ದದ್ದು 2 ಸ್ಥಾನ. ಕಣ್ಣುಮುಚ್ಚಿ ‘ಕಾಂಗ್ರೆಸ್’ ಎಂದು ಹುಡುಕಿ ಎಳೆದರೆ ಗೆದ್ದ ಪಕ್ಷದ ಜಾಗಕ್ಕೆ ಠೇವಣಿ ಕಳೆದುಕೊಂಡ ಪಕ್ಷ ಬಂದು ಕೂರುತ್ತದೆ. ಜನತಾ ಪರಿವಾರದಲ್ಲೂ ಹೀಗೆಯೇ: 1983 ಮತ್ತು 1985ರಲ್ಲಿ ಜನತಾ ಪಕ್ಷ, 1989 ಮತ್ತು 1994ರಲ್ಲಿ ಜನತಾ ದಳ, 1999ರಿಂದ ಜೆಡಿಎಸ್ ಮತ್ತು ಜೆಡಿಯು ಬೇರೆ ಬೇರೆ. ಅವನ್ನು ಒಂದೇ ಗೆರೆಯಲ್ಲಿ ತೋರಿಸಬೇಕೆನಿಸಿದರೆ ‘ಪರಿವಾರ’ ಎಂಬ ಇನ್ನೊಂದು ಕಾಲಂ ಸೇರಿಸಿ, ಮೂಲ ಕಾಲಂ ಮುಟ್ಟಬೇಡಿ.

ಹೆಸರು ಹೊಂದಿಸುವುದು ತಾಳ್ಮೆಯ ಕೆಲಸ. ಒಬ್ಬರೇ ವ್ಯಕ್ತಿ ಒಂದು ವರ್ಷ ‘ಎ.ಆರ್. ಕೃಷ್ಣಮೂರ್ತಿ’, ಇನ್ನೊಂದು ವರ್ಷ ‘ಕೃಷ್ಣಮೂರ್ತಿ ಎ ಆರ್’ ಆಗಿರುತ್ತಾರೆ. ಕಂಪ್ಯೂಟರಿಗೆ ಅವರು ಇಬ್ಬರು. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಹೆಸರಿನ ಇಬ್ಬರು ಮೂವರು ಪಕ್ಷೇತರರು ಒಟ್ಟಿಗೆ ಕಣದಲ್ಲಿ ಇರುವುದೂ ಉಂಟು. 2004ರಿಂದ ಈಚೆಗೆ ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ವಯಸ್ಸು ಇರುತ್ತವೆ. ಅದರಿಂದ ತಾಳೆ ನೋಡಿ. ಅದಕ್ಕೂ ಹಿಂದಿನದು ಖಚಿತವಾಗದಿದ್ದರೆ ಇಬ್ಬರೆಂದೇ ಬಿಡಿ.

ಟೈಪ್ ಮಾಡುವಾಗ ಆಗುವ ಎಡವಟ್ಟುಗಳೂ ಇವೆ. ‘1,48,500’ ಎಂದು ಅಲ್ಪವಿರಾಮ ಹಾಕಿ ತುಂಬಿದರೆ ಕೆಲವು ಸ್ಪ್ರೆಡ್‌ಶೀಟ್‌ಗಳು ಅದನ್ನು ಅಂಕಿಯೆಂದು ತಿಳಿಯುವುದಿಲ್ಲ, ಕೂಡುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಬರಿ 148500 ಎಂದು ತುಂಬಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿರುವ ಪಿಡಿಎಫ್‌ನಿಂದ ನಕಲು ಮಾಡಿದರೆ ಯೂನಿಕೋಡ್‌ನಲ್ಲಿ ಅರ್ಥವಿಲ್ಲದ ಗೀಚು ಬರುತ್ತದೆ, ಮೊದಲು ಪರಿವರ್ತಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಕಡತವಾದರೆ ಯಂತ್ರದ ಓದನ್ನು ನಂಬಬೇಡಿ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ೨ ಮತ್ತು ೭ ಮಸುಕಾದ ಮುದ್ರಣದಲ್ಲಿ ಮನುಷ್ಯರ ಕಣ್ಣನ್ನೇ ಮೋಸ ಮಾಡುತ್ತವೆ. ಪ್ರತಿ ಸಾಲನ್ನು ಅಡ್ಡಡ್ಡ ಕೂಡಿ ಬಲತುದಿಯ ಮೊತ್ತಕ್ಕೆ ಹೋಲಿಸಿ, ಪ್ರತಿ ಕಾಲಂ ಉದ್ದುದ್ದ ಕೂಡಿ ಅಡಿಯ ಮೊತ್ತಕ್ಕೆ ಹೋಲಿಸಿ. ಎರಡೂ ಕೂಡಿದರೆ ಮಾತ್ರ ಆ ಪುಟ ಮುಗಿಯಿತು.

ನಾಲ್ಕನೆಯದು: ಲೆಕ್ಕ

ಶೇಕಡಾ ತೆಗೆಯುವ ಮೊದಲು ಯಾವುದರಿಂದ ಭಾಗಿಸುತ್ತೀರಿ ಎಂದು ತೀರ್ಮಾನಿಸಿ, ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ: ಒಟ್ಟು 1,50,000 ಮತ, ಅದರಲ್ಲಿ ನೋಟಾ 1,500, ಗೆದ್ದವರಿಗೆ 66,825. ನೋಟಾ ಸೇರಿಸಿ ಭಾಗಿಸಿದರೆ ಶೇ 44.55, ಬಿಟ್ಟು ಭಾಗಿಸಿದರೆ ಶೇ 45. ನೋಟಾ ಬಂದದ್ದು 2013ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಕರ್ನಾಟಕದ 2013ರ ಚುನಾವಣೆ ಮೇ ತಿಂಗಳಲ್ಲೇ ಮುಗಿದಿತ್ತು, ಹಾಗಾಗಿ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗಳಲ್ಲಿ ನೋಟಾ ಕಾಣುವುದು 2018ರಿಂದ. ಹಳೆಯದರ ಜೊತೆ ಹೋಲಿಸಬೇಕೆಂದರೆ ನೋಟಾ ಬಿಟ್ಟು ಭಾಗಿಸುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಠೇವಣಿಯ ಲೆಕ್ಕಕ್ಕೆ ಕಾನೂನೇ ಉತ್ತರ ಕೊಟ್ಟಿದೆ: ಅಭ್ಯರ್ಥಿಗಳಿಗೆ ಬಿದ್ದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು, ನೋಟಾ ಇದರಲ್ಲಿ ಸೇರುವುದಿಲ್ಲ. ಮೇಲಿನ ಲೆಕ್ಕದಲ್ಲಿ 1,48,500ನ್ನು 6ರಿಂದ ಭಾಗಿಸಿದರೆ 24,750. ಸರಿಯಾಗಿ 24,750 ಬಂದವರ ಠೇವಣಿಯೂ ಹೋಗುತ್ತದೆ, 24,751 ಬಂದರೆ ಉಳಿಯುತ್ತದೆ.

1952 ಮತ್ತು 1957ರಲ್ಲಿ ದ್ವಿಸದಸ್ಯ ಕ್ಷೇತ್ರಗಳಿದ್ದವು, ಅಂದರೆ ಒಂದೇ ಕ್ಷೇತ್ರದಿಂದ ಇಬ್ಬರು ಶಾಸಕರು. ಒಬ್ಬ ಮತದಾರನಿಗೆ ಎರಡು ಮತ, ಎರಡನ್ನೂ ಒಬ್ಬರಿಗೇ ಹಾಕುವಂತಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತಪತ್ರಕ್ಕೆ ಗುರುತು ಹಾಕುವ ಕೆಲಸವೇ ಇರಲಿಲ್ಲ. ಇಂಥ ಕ್ಷೇತ್ರದಲ್ಲಿ ಬಿದ್ದ ಮತಗಳನ್ನು ಮತದಾರರ ಸಂಖ್ಯೆಯಿಂದ ಭಾಗಿಸಿದರೆ ಮತದಾನ ಪ್ರಮಾಣ ಶೇ 100 ದಾಟಬಹುದು. ಹಾಗೆ ಬಂದರೆ ಅಂಕಿ ತಪ್ಪಲ್ಲ, ಭಾಗಿಸಿದ ರೀತಿ ತಪ್ಪು. ‘ಅಂತರ’ ಎಂಬ ಕಾಲಂ ಕೂಡ ಅಲ್ಲಿ ಖಾಲಿ ಬಿಡಿ. ಮೊದಲಿಗೆ ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರು, ಬಳಿಕ ಉಳಿದ ಎಲ್ಲರಲ್ಲಿ ಹೆಚ್ಚು ಪಡೆದವರು ಆಯ್ಕೆಯಾಗುತ್ತಿದ್ದರು. ಮೊದಲನೆಯವರಿಗೂ ಎರಡನೆಯವರಿಗೂ ಕಳೆದರೆ ಬರುವುದು ಇಬ್ಬರು ಗೆದ್ದವರ ನಡುವಿನ ವ್ಯತ್ಯಾಸವಾಗಿರಬಹುದು. 1961ರ ಕಾಯ್ದೆ ಈ ಪದ್ಧತಿ ತೆಗೆಯಿತು, 1962ರಲ್ಲಿ ಎಲ್ಲವೂ ಏಕಸದಸ್ಯ ಕ್ಷೇತ್ರಗಳಾದವು.

1985ರಿಂದ 1989ಕ್ಕೆ ಮತದಾರರ ಸಂಖ್ಯೆ ಜಿಗಿಯುವುದಕ್ಕೂ ಬೇರೆ ಅರ್ಥ ಹಚ್ಚಬೇಡಿ. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆ ವರ್ಷ ಶೇಕಡಾ ಕುಸಿದಿದ್ದರೂ ಮತ ಹಾಕಿದವರ ತಲೆ ಎಣಿಕೆ ಏರಿರಬಹುದು, ಎರಡನ್ನೂ ಬರೆಯಿರಿ.

ಉಪಚುನಾವಣೆ ಬಿಟ್ಟರೆ ಕತೆಯೇ ತಪ್ಪುತ್ತದೆ

ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಅದನ್ನು ಆಯೋಗದ ಬೇರೆ ಪಟ್ಟಿಯಿಂದ ತರಬೇಕು. ಧ್ರುವನಾರಾಯಣ 2009ರಲ್ಲಿ ಲೋಕಸಭೆಗೆ ಹೋದದ್ದರಿಂದ ಕೊಳ್ಳೇಗಾಲ ತೆರವಾಯಿತು, ಅದೇ ವರ್ಷ ಆಗಸ್ಟಿನ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ. ಸಾರ್ವತ್ರಿಕ ಚುನಾವಣೆಗಳನ್ನಷ್ಟೇ ನೋಡಿದವರು 2008, 2013 ಎರಡೂ ಕಾಂಗ್ರೆಸ್, ಕ್ಷೇತ್ರ ಕೈಬಿಡಲಿಲ್ಲ ಎನ್ನುತ್ತಾರೆ. ನಡುವೆ ಒಮ್ಮೆ ಕೈಬಿಟ್ಟಿತ್ತು. ಈಗಿನ ಗಡಿಯಲ್ಲಿ ನಡೆದ ಐದು ಚುನಾವಣೆಗಳಲ್ಲಿ ಐವರು ಬೇರೆ ಬೇರೆ ಶಾಸಕರು. ಈ ಕ್ಷೇತ್ರದ ಬಗ್ಗೆ ಹೇಳಬೇಕಾದ ಮೊದಲ ಮಾತೇ ಇದು, ಮತ್ತು ಇದು ಉಪಚುನಾವಣೆಯ ಸಾಲಿಲ್ಲದೆ ಕಾಣುವುದಿಲ್ಲ.

ತೆರವಾದ ಕಾರಣವನ್ನೂ ಬರೆಯಿರಿ: ಸಾವು, ರಾಜೀನಾಮೆ, ಅನರ್ಹತೆ, ಕೋರ್ಟ್ ಆದೇಶ. 2019ರ ಜುಲೈನಲ್ಲಿ 17 ಶಾಸಕರು ಅನರ್ಹಗೊಂಡರು, ಡಿಸೆಂಬರಿನಲ್ಲಿ 15 ಕಡೆ ಮಾತ್ರ ಉಪಚುನಾವಣೆ ನಡೆಯಿತು. ಫಲಿತಾಂಶವನ್ನು ಪ್ರಶ್ನಿಸಿದ ಚುನಾವಣಾ ತಕರಾರು ಅರ್ಜಿ ಬಾಕಿ ಇದ್ದ ರಾಜರಾಜೇಶ್ವರಿನಗರ 2020ರ ನವೆಂಬರಿಗೆ, ಮಸ್ಕಿ 2021ರ ಏಪ್ರಿಲಿಗೆ ಹೋದವು. ಮಸ್ಕಿಯಲ್ಲಿ 2018ರ ಅಂತರ 213 ಮತ. ಇಷ್ಟು ಕಡಿಮೆ ಅಂತರದ ಫಲಿತಾಂಶ ಕಂಡಾಗಲೆಲ್ಲ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಇತ್ತೇ ಎಂದು ಹುಡುಕಿ.

ಮುಂದೂಡಿದ ಮತದಾನವೂ ಹೀಗೇ ತಪ್ಪಿಸಿಕೊಳ್ಳುತ್ತದೆ. 2018ರಲ್ಲಿ ಅಭ್ಯರ್ಥಿಯ ಸಾವಿನಿಂದ ಜಯನಗರದ ಮತದಾನ ಜೂನ್‌ಗೆ ಹೋಯಿತು. ಅದು ಉಪಚುನಾವಣೆಯಲ್ಲ, ಸಾರ್ವತ್ರಿಕ ಚುನಾವಣೆಯದೇ ಭಾಗ.

ಗಡಿ ದಾಟಿ ಹೋಲಿಸಬೇಕಾದಾಗ

2004ರ ಮತವನ್ನು 2008ರ ಕೊಳ್ಳೇಗಾಲದ ಗಡಿಯೊಳಗೆ ಇಟ್ಟು ನೋಡುವ ದಾರಿ ಒಂದಿದೆ. 2004ರ ಕೊಳ್ಳೇಗಾಲ, ಸಂತೇಮರಹಳ್ಳಿ ಎರಡರ ನಮೂನೆ 20 ತೆಗೆದುಕೊಳ್ಳಿ. ಪ್ರತಿ ಮತಗಟ್ಟೆಯ ಮುಂದೆ ಹಳ್ಳಿಯ ಹೆಸರು ಬರೆಯಿರಿ, ಹಳ್ಳಿಯ ಮುಂದೆ 2008ರ ಆದೇಶದ ಪ್ರಕಾರ ಅದು ಸೇರಿದ ಹೊಸ ಕ್ಷೇತ್ರ ಬರೆಯಿರಿ. ಹೊಸ ಕೊಳ್ಳೇಗಾಲ ಎಂದು ಬಂದ ಸಾಲುಗಳನ್ನು ಮಾತ್ರ ಪಕ್ಷವಾರು ಕೂಡಿ. ಅಂಚೆ ಮತ ಯಾವ ಹಳ್ಳಿಯದೆಂದು ತಿಳಿಯುವುದಿಲ್ಲ, ಆದ್ದರಿಂದ ಅದನ್ನು ಹೊರಗಿಡಿ. ಬಂದ ಮೊತ್ತದ ತಲೆಯ ಮೇಲೆ ‘ಮರುಹಂಚಿಕೆಯ ಅಂದಾಜು’ ಎಂದು ಬರೆಯಿರಿ. ಪಕ್ಷೇತರರ ಮತವನ್ನು ಹೀಗೆ ಕೂಡುವುದರಲ್ಲಿ ಅರ್ಥವಿಲ್ಲ, ಅವರು ಎರಡೂ ಕಡೆ ನಿಂತಿರುವುದಿಲ್ಲವಲ್ಲ.

ಹೊಂದಿಸುವಾಗ ಮತಗಟ್ಟೆ ಸಂಖ್ಯೆ ಹಿಡಿದು ಹೋಗಬೇಡಿ, ಪ್ರತಿ ಚುನಾವಣೆಗೂ ಅದು ಸರಿಯುತ್ತದೆ. ಮತದಾರರು ಹೆಚ್ಚಾದಾಗ ಒಂದು ಮತಗಟ್ಟೆ ಎರಡಾಗುತ್ತದೆ, ‘ಎ’ ಸೇರಿದ ಹೆಚ್ಚುವರಿ ಮತಗಟ್ಟೆ ಹುಟ್ಟುತ್ತದೆ, ಶಾಲೆ ಬದಲಾದರೆ ಹೆಸರೂ ಬದಲಾಗುತ್ತದೆ. ಹಳ್ಳಿಯೊಂದೇ ನಿಂತ ಗುರುತು. ಪಟ್ಟಣದಲ್ಲಾದರೆ ವಾರ್ಡಿಗಿಂತ ಬೀದಿ ಹೆಸರು ಹೆಚ್ಚು ನಂಬಿಕೆಗೆ ಅರ್ಹ.

ಲೋಕಸಭಾ ಚುನಾವಣೆಯ ಅಂಕಿಗಳೂ ವಿಧಾನಸಭಾ ಕ್ಷೇತ್ರವಾರು ಸಿಗುತ್ತವೆ, ಆದರೆ ಅವನ್ನು ಬೇರೆ ಹಾಳೆಯಲ್ಲಿಡಿ. ಅಲ್ಲಿ ಮರುಮತದಾನ ನಡೆದ ಮತಗಟ್ಟೆಗೆ ಗುರುತು ಹಾಕಿ: ಹನೂರು ಕ್ಷೇತ್ರದ ಇಂಡಿಗನತ್ತದಲ್ಲಿ 2024ರ ಏಪ್ರಿಲ್‌ನಲ್ಲಿ ಮತಯಂತ್ರ ಒಡೆದು, 29ರಂದು ಮತ್ತೆ ಮತದಾನವಾಯಿತು. ಲೆಕ್ಕಕ್ಕೆ ಬರುವುದು ಎರಡನೇ ದಿನದ್ದು ಮಾತ್ರ. ಮೊದಲ ದಿನ ರಾತ್ರಿ ಪ್ರಕಟವಾದ ಶೇಕಡಾ ಹಿಡಿದುಕೊಂಡವರಿಗೆ ಆ ಮತಗಟ್ಟೆ ಎಂದಿಗೂ ಕೂಡುವುದಿಲ್ಲ.

ಎಲ್ಲ ಮುಗಿದ ಮೇಲೆ ಕಡತದ ಮೊದಲ ಹಾಳೆಯಲ್ಲಿ ಮೂರು ವಿಷಯ ಬರೆದಿಡಿ: ಯಾವ ತಾರೀಖಿನಂದು ಇಳಿಸಿಕೊಂಡ ವರದಿಗಳು, ಶೇಕಡಾ ತೆಗೆದ ರೀತಿ, ಇನ್ನೂ ಕೂಡದೆ ಉಳಿದ ಸಾಲುಗಳು. ಕೂಡದ ಸಾಲನ್ನು ಅಳಿಸಬೇಡಿ, ಹಳದಿ ಬಣ್ಣ ಹಚ್ಚಿ ಹಾಗೇ ಬಿಡಿ. ಮುಂದೆ ಜಿಲ್ಲಾ ಕಚೇರಿಯಿಂದ ನಕಲು ಬಂದಾಗ ಮೊದಲು ತೆರೆಯಬೇಕಾದ್ದು ಅದನ್ನೇ.